ಹನ್ನೆರಡು ಖಾತ್ರಿ ಮೆದುಳುಗಳು

ಮುಂಬಯಿಯಲ್ಲಿ ಆರು ವರ್ಷ ವೈದ್ಯಕೀಯ ಓದಿ, ಮತ್ತೆರಡು ವರ್ಷ ಮೆದುಳಿನ ರೋಗಗಳ ವಿಭಾಗದಲ್ಲಿ ದೊಡ್ಡ ಡಾಕ್ಟರರ ಹಿಂದೆ ಕಾಗದಪತ್ರ ಹೊತ್ತು ತಿರುಗಿ, ದತ್ತಾತ್ರೇಯ ಖಾಡಿಲಕರ ಊರಿಗೆ ಮರಳಿದರು. ಜಮಖಂಡಿಯ ಪೇಟೆಯಲ್ಲಿ ಅವರು ದವಾಖಾನೆ ತೆರೆಯುವ ಹೊತ್ತಿಗೆ ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದು ಐದಾರು ವರ್ಷವಾಗಿತ್ತು. ಮಂದಿ ಅವರನ್ನು ದತ್ತೋಪಂತರು ಎನ್ನುತ್ತಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಮೆದುಳು ಹಾಗೂ ನರರೋಗ ತಜ್ಞ' ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಬರೆಸಿದ್ದರು. ಆ ಬೋರ್ಡು ನೋಡಿ ಒಳಗೆ ಬಂದವರು ಯಾರೂ ಇರಲಿಲ್ಲ. ಬಂದವರೆಲ್ಲ ಓದು ಬರದವರು. ಕೆಮ್ಮಿನವರು, ಕಜ್ಜಿಯವರು, ಕಬ್ಬು ಕಡಿಯುವಾಗ ಕಾಲು ಕೊಯ್ದುಕೊಂಡವರು.

"ಆ ಬೋರ್ಡ ಒಂದೀಟು ತಗೀರಿ ಅಂತೇನಿ," ಎಂದು ಮುದಿ ಕಂಪೌಂಡರ ಕಾಮಣ್ಣ ವಾರಕ್ಕೊಮ್ಮೆ ಹೇಳುತ್ತಿದ್ದ. "ಓದಾಕ ಬರೂ ಮಂದಿ ಕೆಮ್ಮು ಬಂದರ ಆಚಿ ಓಣಿ ಡಾಕ್ಟರ ಕಡೆ ಹೋಗ್ತಾರ. ಇಲ್ಲಿಂದ ಹೊರಗ ಬೀಳೂದನ್ನ ಯಾರರ ಕಂಡರ ಹುಚ್ಚು ಹಿಡದೈತಿ ಅಂತಾರಂತ."

ದತ್ತೋಪಂತರಿಗೆ ಕೆಮ್ಮಿನ ಮೇಲೆ ಆಸೆ ಇರಲಿಲ್ಲ. ಒಂದೇ ಒಂದು ಲೇಖನ, ಮುಂಬಯಿಯ ವೈದ್ಯ ಪತ್ರಿಕೆಯಲ್ಲಿ, ಕೆಳಗೆ ತನ್ನ ಹೆಸರು, ಹೆಸರಿನ ಕೆಳಗೆ 'ಜಮಖಂಡಿ' ಎಂದು. ಹಿಂದೆ ಫೈಲು ಹಿಡಿಸುತ್ತಿದ್ದ ದೊಡ್ಡ ಡಾಕ್ಟರರು ಅದನ್ನು ಓದಿ ಹುಬ್ಬೇರಿಸಬೇಕು. ಇಷ್ಟೇ ಅವರ ಆಸೆ. ಆದರೆ ಮೂರು ತಾಲೂಕಿನಲ್ಲಿ ಹುಡುಕಿದರೂ ಹುಬ್ಬೇರಿಸುವಂಥ ಮೆದುಳು ಸಿಕ್ಕಿರಲಿಲ್ಲ.

ಹಾಗಿರುವಾಗ ಒಂದು ಗುರುವಾರ ರಬಕವಿಯಿಂದ ತಾರವ್ವ ಬಂದಳು. ನೇಕಾರ ಅಮಸಿದ್ದಪ್ಪನ ಹೆಂಡತಿ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಬಾಗಿಲಾಚೆ ನಿಂತ. ಅವಳು ಸ್ಟೂಲಿನ ಮೇಲೆ ಕುಳಿತು, ಬಂದದ್ದೇ ತಪ್ಪಾಯಿತೇನೋ ಎನ್ನುವ ಹಾಗೆ ಸುತ್ತ ನೋಡಿದಳು.

"ಏನಾಗ್ತದವ್ವ?" ಎಂದರು ಡಾಕ್ಟರು.

"ಆಗೂದೇನಿಲ್ರಿ. ಕಾಣ್ತೈತಿ."

"ಏನು ಕಾಣ್ತದ?"

"ಹಿಟ್ಟು ಜರಡಿ ಹಿಡದಂಗ. ಎಲ್ಲಾದರ ಮ್ಯಾಲೂ ಬೀಳ್ತೈತಿ. ಈಗ ನಿಮ್ಮ ಮಾರಿ ಮ್ಯಾಲೂ ಬೀಳಾಕತ್ತೈತಿ ನೋಡ್ರಿ."

ದತ್ತೋಪಂತರು ತಮಗರಿವಿಲ್ಲದೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಅವಳು ಬಿಡಿಸಿ ಹೇಳಿದಳು. ಹೋದ ವರ್ಷ ಇಪ್ಪತ್ತು ದಿನ ಜ್ವರ ಬಂದಿತ್ತು. ಜ್ವರ ಹೋಯಿತು, ಈ ಹಿಟ್ಟು ಬಂತು. ಬಿಳಿ-ಕರಿ ಸಣ್ಣ ಚುಕ್ಕಿ, ಒಂದು ಕಡೆ ನಿಲ್ಲುವುದಿಲ್ಲ, ಜಿನಿಜಿನಿ ಎನ್ನುತ್ತಿರುತ್ತದೆ. ಆಕಾಶದ ಮೇಲೆ, ಗೋಡೆಯ ಮೇಲೆ, ರೊಟ್ಟಿಯ ಮೇಲೆ. ಆದರೆ ಯಾವುದನ್ನೂ ಮರೆಮಾಡುವುದಿಲ್ಲ. ಮಗ್ಗದ ಮೇಲೆ ಕಡಿದ ಎಳೆಯನ್ನು ಈಗಲೂ ಅವಳೇ ಮೊದಲು ಕಾಣುತ್ತಾಳೆ. ಇನ್ನೊಂದು ಚಮತ್ಕಾರವೆಂದರೆ, ಸೀರೆಯ ಕೆಂಪು ಅಂಚನ್ನು ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆ ತಿರುಗಿದರೆ ಅಂಚು ಗೋಡೆಯ ಮೇಲೆ ಹೋಗಿ ಕೂರುತ್ತದೆ. ಒಂದು ಎಲೆ ಅಡಿಕೆ ಮಡಿಚುವಷ್ಟು ಹೊತ್ತು ಅಲ್ಲೇ ಇರುತ್ತದೆ. ಮದ್ದು ಹಾಕುವವರು ಮದ್ದು ಹಾಕಿದರು, ಚಷ್ಮಾ ಮಾರುವವನು ಎರಡು ಚಷ್ಮಾ ಕೊಟ್ಟ. ಚಷ್ಮಾ ಹಾಕಿಕೊಂಡರೆ ಹಿಟ್ಟು ಇನ್ನೂ ಸ್ವಚ್ಛವಾಗಿ ಕಾಣುತ್ತಿತ್ತು. ಕಣ್ಣಿನ ಡಾಕ್ಟರರೊಬ್ಬರು ನೋಡಿ, ಕಣ್ಣು ಛಲೋ ಇವೆ, ಮನೆಗೆ ಹೋಗಿ ನಿದ್ದೆ ಮಾಡು ಎಂದಿದ್ದರು.

"ಕಣ್ಣು ಮುಚ್ಚಿಕೋ. ಈಗ?"

"ಈಗೂ ಬೀಳ್ತೈತಿ."

"ಕಣ್ಣು ತಗಿ. ಬೆರಳಿಲೆ ಕಣ್ಣಿನ ಮೂಲಿ ಒತ್ತು. ಈಗ?"

"ನೀವು ಇಬ್ಬರಾದ್ರಿ. ಹಿಟ್ಟು ಇದ್ದಂಗ ಐತಿ."

ದತ್ತೋಪಂತರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕಣ್ಣು ಅಲುಗಿದರೆ ಲೋಕ ಅಲುಗುತ್ತದೆ, ಚುಕ್ಕಿ ಅಲುಗುವುದಿಲ್ಲ. ಕಣ್ಣು ಮುಚ್ಚಿದರೆ ಲೋಕ ಹೋಗುತ್ತದೆ, ಚುಕ್ಕಿ ಹೋಗುವುದಿಲ್ಲ. ಅಂದ ಮೇಲೆ ಚುಕ್ಕಿ ಕಣ್ಣಿನದಲ್ಲ. ಅವರು ತಮ್ಮ ತಲೆಯ ಹಿಂಭಾಗ ಮುಟ್ಟಿ ತೋರಿಸಿದರು.

"ತಾರವ್ವ, ನಿನ್ನ ಕಣ್ಣಿನ್ಯಾಗ ಏನೂ ದೋಷ ಇಲ್ಲ. ನಾವು ನೋಡಿದ್ದೆಲ್ಲಾ ಇಲ್ಲಿ, ಮೆದುಳಿನ ಹಿಂದಿನ ಮಗ್ಗಲಿಗೆ ಬಂದು ಮುಟ್ತದ. ಈ ಹಿಟ್ಟು ಅಲ್ಲೇ ಹುಟ್ಟಲಿಕ್ಕತ್ತದ."

"ಕಣ್ಣ ಹೋಗ್ತಾವೇನ್ರಿ?"

"ಹೋಗೋ ಲಕ್ಷಣ ಏನೂ ಕಾಣೂದಿಲ್ಲ."

"ಇದು ಮತ್ಯಾರಿಗರ ಐತೇನ್ರಿ, ನನಗೊಬ್ಬಾಕಿಗೇ ಏನು?"

ಡಾಕ್ಟರು ಓದಿದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿದರು. ಎಲ್ಲೂ ಇರಲಿಲ್ಲ. ಉತ್ತರ ಸಿಗಲಿಲ್ಲವೆಂದು ರೋಗಿಗೆ ಹೆದರಿಕೆಯಾಯಿತು, ಡಾಕ್ಟರಿಗೆ ಆನಂದವಾಯಿತು. ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು.

"ಹಂಗಾರ ಬರ್ತೇನ್ರಿ. ಮನ್ಯಾಗ ಕೆಲಸ ಬಿದ್ದೈತಿ."

"ಎಲ್ಲಿ ಹೋಗ್ತಿ? ಕೂಡು, ಕೂಡು!" ಡಾಕ್ಟರು ಬಾಗಿಲಿಗೆ ಅಡ್ಡ ನಿಂತರು. "ಇದರ ಸಂಶೋಧನೆ ಆಗಬೇಕು!"

ಆ ಶಬ್ದ ಬಾಗಿಲಾಚೆಯ ಅಮಸಿದ್ದಪ್ಪನಿಗೆ ಕೇಳಿಸಲಿಲ್ಲ. ಕೇಳಿಸಿದ್ದು 'ಮೆದುಳು' ಒಂದೇ. ಅವನು ಅದನ್ನು ಬಸ್ಸಿನಲ್ಲಿ ಯಾರಿಗೋ ಹೇಳಿದ. ಬಸ್ಸು ರಬಕವಿ ಮುಟ್ಟುವುದಕ್ಕಿಂತ ಮೊದಲೇ ಸುದ್ದಿ ಮುಟ್ಟಿತೋ ಏನೋ, ಮರುದಿನದಿಂದ ಓಣಿಯ ಹೆಂಗಸರು ತಾರವ್ವನ ಹೆಸರು ಬಂದಾಗಲೆಲ್ಲ ತಲೆಯ ಹಿಂಭಾಗ ಮುಟ್ಟಿಕೊಂಡು ಕಣ್ಣು ಮಿಟುಕಿಸತೊಡಗಿದರು.

ಇತ್ತ ದತ್ತೋಪಂತರು ಮುಂಬಯಿಯ ಗುರುಗಳಿಗೆ, ಅದೇ ದೊಡ್ಡ ಡಾಕ್ಟರರಿಗೆ, ಎಂಟು ಪುಟದ ಪತ್ರ ಬರೆದರು. ಗುರುಗಳು ನಾಲ್ಕು ಸಾಲು ಬರೆದರು. ಒಬ್ಬ ರೋಗಿ ಇದ್ದರೆ ಅದು ಸುದ್ದಿ, ಇಬ್ಬರಿದ್ದರೆ ವಿಚಾರ ಮಾಡಬಹುದು. ಹನ್ನೆರಡು ಜನ ನಿರೋಗಿಗಳ ಜೊತೆ ಹೋಲಿಸಿ ನೋಡದೆ ಏನನ್ನೂ ಬರೆಯಬೇಡ. ಅನುದಾನ ಬೇಕಿದ್ದರೆ ಸಂಶೋಧನಾ ಮಂಡಳಿಗೆ ಅರ್ಜಿ ಹಾಕು.

ಅರ್ಜಿಯ ನಮೂನೆಯಲ್ಲಿ ಎರಡು ಮನೆ ಇದ್ದವು. ಒಂದು ಕಣ್ಣು, ಒಂದು ಮೆದುಳು. ಡಾಕ್ಟರು 'ಮೆದುಳು' ಎಂದು ಗುರುತು ಹಾಕಿದರು. ಮಂಡಳಿಯವರು, ಕಣ್ಣಿನ ರೋಗವಲ್ಲವೆಂದು ಕಣ್ಣಿನ ತಜ್ಞರ ದಾಖಲೆ ಬೇಕೆಂದರು. ಕಣ್ಣಿನ ತಜ್ಞರು, ಮೆದುಳಿನ ರೋಗವೆಂದು ಮೆದುಳಿನ ತಜ್ಞರು ಬರೆದುಕೊಟ್ಟರೆ ತಾವೂ ಬರೆದುಕೊಡುವುದಾಗಿ ಹೇಳಿದರು. ಸುತ್ತ ಎಪ್ಪತ್ತು ಮೈಲಿಯಲ್ಲಿ ಮೆದುಳಿನ ತಜ್ಞರೆಂದರೆ ದತ್ತೋಪಂತರೊಬ್ಬರೇ. ಅವರು ತಮಗೆ ತಾವೇ ಒಂದು ದಾಖಲೆ ಬರೆದುಕೊಂಡು ಕಳಿಸಿದರು. ಅರ್ಜಿದಾರನು ತನ್ನ ಅರ್ಜಿಗೆ ತಾನೇ ಸಾಕ್ಷಿಯಾಗಲು ಬರುವುದಿಲ್ಲವೆಂದು ಅದು ತಿರುಗಿ ಬಂತು. ಹೀಗೆ ಏಳು ತಿಂಗಳು ಟಪಾಲಿನಲ್ಲಿ ಕಳೆದವು.

ಮೆದುಳಿನ ವಿದ್ಯುತ್ತನ್ನು ಅಳೆಯುವ ಯಂತ್ರ ಮುಂಬಯಿಯಲ್ಲಿತ್ತು, ಜಮಖಂಡಿಗೆ ಬರುವಂತಿರಲಿಲ್ಲ. ಡಾಕ್ಟರು ತಮ್ಮದೇ ಯಂತ್ರ ಕಟ್ಟಲು ಕುಳಿತರು. ದವಾಖಾನೆಯ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಹೊಡೆದು ಕತ್ತಲು ಮಾಡಿದರು. ನಡುವೆ ಒಂದು ಜಮಖಾನೆಯ ಪರದೆ ಇಳಿಬಿಟ್ಟು ಅದರಲ್ಲಿ ರೂಪಾಯಿಯಷ್ಟು ತೂತು ಕೊರೆದರು. ಪರದೆಯ ಹಿಂದೆ ಕಂದೀಲು. ಕಂದೀಲಿನ ಮುಂದೆ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟೆ. ರಾಟೆಯ ಕದಿರಿಗೆ ಕಿಂಡಿ ಕೊರೆದ ರಟ್ಟಿನ ಬಿಲ್ಲೆ. ರಾಟೆ ತಿರುಗಿದರೆ ಬಿಲ್ಲೆ ತಿರುಗಿ ಬೆಳಕು ಮಿಣುಕುತ್ತದೆ. ವೇಗ ಹೆಚ್ಚಿಸುತ್ತ ಹೋದರೆ ಒಂದು ಘಳಿಗೆಯಲ್ಲಿ ಮಿಣುಕುವುದು ನಿಂತು ಬೆಳಕು ಒಂದೇ ಸಮ ಕಾಣುತ್ತದೆ. ಆಗ 'ಆತು' ಎನ್ನಬೇಕು. ನೋಡುವ ಮೆದುಳು ಎಷ್ಟು ಚುರುಕು ಎಂಬುದು ಅದರಿಂದ ತಿಳಿಯುತ್ತದೆಂದು ಡಾಕ್ಟರ ನಂಬಿಕೆ.

ರಾಟೆ ತಿರುಗಿಸಲು ಕಾಮಣ್ಣನನ್ನು ಕೂರಿಸಿದರು. ಕಾಮಣ್ಣನ ಕೈ ಔಷಧ ಅಲ್ಲಾಡಿಸುವ ಕೈ. ರಾಟೆ ಒಮ್ಮೆ ಓಡಿತು, ಒಮ್ಮೆ ನಿಂತಿತು.

ಪರೀಕ್ಷೆಗೆಂದು ಕೂತಿದ್ದ ತಾರವ್ವ ಕೊನೆಗೆ ತಡೆಯಲಾರದೆ ಎದ್ದಳು. "ಸರೀರಿ ಕಾಕಾ, ನಾ ತೋರಸ್ತೇನಿ," ಎಂದು ರಾಟೆಯ ಮುಂದೆ ಕುಳಿತಳು. ದಾರವನ್ನು ಬಿಗಿದಳು, ಕದಿರಿಗೆ ಎಣ್ಣೆ ಬಿಟ್ಟಳು. ರಾಟೆ ಗುಂಯ್ ಎಂದು ಹಿಡಿದ ವೇಗ ಬಿಡದೆ ತಿರುಗಿತು. ಡಾಕ್ಟರು ಕಿಸೆಯ ಗಡಿಯಾರ ಹಿಡಿದು ಎಣಿಸಿದರು. ಎಷ್ಟು ಸಲ ಎಣಿಸಿದರೂ ಅದೇ ಲೆಕ್ಕ.

"ದಿನಾ ಬರ್ತೀಯೇನು ತಾರವ್ವ? ಮಗ್ಗದ ಕೆಲಸಕ್ಕ ತ್ರಾಸ ಆಗೂದಿಲ್ಲೇನು?"

"ಮಗ್ಗ ಎಲ್ಲೈತ್ರಿ? ನಿಂತು ಆರೇಳು ತಿಂಗಳಾತು."

ಡಾಕ್ಟರಿಗೆ ತಿಳಿಯಲಿಲ್ಲ. ಅವಳು ರಾಟೆ ತಿರುಗಿಸುತ್ತಲೇ ಹೇಳಿದಳು. ಬನಹಟ್ಟಿಯ ಸೀರೆ ವ್ಯಾಪಾರಿ ಗಿರಿಮಲ್ಲಪ್ಪ ಸಾವಕಾರರು ಅವರ ಮಗ್ಗಕ್ಕೆ ನೂಲು ಕೊಡುತ್ತಿದ್ದರು. ಸುದ್ದಿ ಕೇಳಿದ ಮೇಲೆ ರೇಶ್ಮೆ ನೂಲು ನಿಲ್ಲಿಸಿದ್ದಾರೆ. ಮೆದುಳು ಕೆಟ್ಟವಳು ಮುಟ್ಟಿದ ರೇಶ್ಮೆ ಸೀರೆಯನ್ನು ಮದುವೆಗೆ ಯಾರು ಒಯ್ಯುತ್ತಾರೆ ಎಂದರಂತೆ. ದಪ್ಪ ಹತ್ತಿ ನೂಲು ಕೊಡುತ್ತೇನೆ ಎಂದರಂತೆ. ಅಮಸಿದ್ದಪ್ಪ ಸಿಟ್ಟಿನಿಂದ ಅದನ್ನು ತರಲಿಲ್ಲ.

"ನೀವು ಕಣ್ಣು ಅಂದಿದ್ದರ ಪಾಡಿತ್ರಿ," ಎಂದಳು ತಾರವ್ವ. ದೂರುವ ದನಿ ಇರಲಿಲ್ಲ. "ಕುರುಡರಿಗರ ಮಂದಿ ನೀರು ಕೊಡ್ತಾರ."

ಆ ಮಾತು ದತ್ತೋಪಂತರಿಗೆ ನಾಟಿತು. ತಾನು ತಲೆ ಮುಟ್ಟಿಕೊಂಡು ಉತ್ಸಾಹದಿಂದ ಹೇಳಿದ ಒಂದು ಮಾತು ಒಂದು ಮಗ್ಗವನ್ನು ನಿಲ್ಲಿಸಿತ್ತು. ಅಂದೇ ಮಧ್ಯಾಹ್ನ ಬಸ್ಸು ಹಿಡಿದು ಬನಹಟ್ಟಿಗೆ ಹೋದರು. ಸಾವಕಾರರಿಗೆ ನಾಲ್ಕು ಖಡಕ್ ಮಾತು ಆಡಿಯೇ ಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು.

ಗಿರಿಮಲ್ಲಪ್ಪನವರು ಐವತ್ತೈದರ, ತಲೆಗೆ ಬಿಳಿ ಪಟಕ ಸುತ್ತಿದ, ಮೃದು ಮಾತಿನ ಮನುಷ್ಯ. ಸೀರೆ ಪರೀಕ್ಷೆಯಲ್ಲಿ ಅವರ ಸಮ ಯಾರೂ ಇಲ್ಲವೆಂದು ನಾಲ್ಕೂರಲ್ಲಿ ಹೆಸರು. ಒಂದು ಸೀರೆ ನೋಡಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂತು, ಆಮೇಲೆಯೇ ಇನ್ನೊಂದನ್ನು ಬಿಚ್ಚಿಸುತ್ತಿದ್ದರು. ಆ ಮೌನಕ್ಕೆ ನೇಕಾರರು ನಡುಗುತ್ತಿದ್ದರು. ಈಗ ಅವರು ಊರಿನ ಚುನಾವಣೆಗೆ ನಿಂತಿದ್ದರು. ಡಾಕ್ಟರರನ್ನು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು.

"ತಾರವ್ವಗ ಹುಚ್ಚಿಲ್ಲರೀ," ಎಂದು ದತ್ತೋಪಂತರು ಆರಂಭಿಸಿದರು. "ಅದು ಬ್ಯಾರೆ ಸಂಗತಿ. ನಾನು ಅದರ ಸಂಶೋಧನೆ ಮಾಡಲಿಕ್ಕತ್ತೇನಿ. ಅಕಿನ್ನ ಹನ್ನೆರಡು ಮಂದಿ ನಿರೋಗಿ ಮೆದುಳಿನವರ ಜೋಡಿ ಹೋಲಿಸಿ..."

"ಹನ್ನೆರಡು ಮಂದಿ?" ಗಿರಿಮಲ್ಲಪ್ಪನವರು ಬಟ್ಟಲು ಕೆಳಗಿಟ್ಟರು. "ಮೆದುಳು ಛಲೋ ಐತಿ ಅಂತ ನೀವು ಬರಕೊಡ್ತೀರಿ?"

"ಬರಕೊಡೂದಲ್ಲ, ಯಾದ್ಯಾಗ ಹೆಸರು..."

"ಮುಂಬಯಿಗೆ ಹೋಗ್ತೈತೇನು ಯಾದಿ?"

"ಹೋಗ್ತದ."

"ಹಂಗಾರ ಮೊದಲನೇ ನಂಬರ ನಂದು ಹಾಕ್ರಿ."

ಡಾಕ್ಟರು ಮುಂದೆ ಆಡಬೇಕೆಂದಿದ್ದ ಖಡಕ್ ಮಾತುಗಳು ಅಲ್ಲೇ ಉಳಿದವು. ಹನ್ನೆರಡು ಜನ ನಿರೋಗಿಗಳನ್ನು ಎಲ್ಲಿಂದ ತರಲಿ ಎಂದು ಅವರು ತಿಂಗಳಿನಿಂದ ಚಿಂತೆ ಮಾಡುತ್ತಿದ್ದರು. ಇಲ್ಲಿ ಒಬ್ಬರು ತಾವಾಗಿಯೇ ಸಿಕ್ಕಿದ್ದರು, ಅದೂ ದೊಡ್ಡವರು. ಇವರೊಬ್ಬರು ಬಂದರೆ ಉಳಿದವರು ಬರುತ್ತಾರೆ. ರೇಶ್ಮೆಯ ಮಾತನ್ನು ಪರೀಕ್ಷೆ ಮುಗಿದ ಮೇಲೆ ಆಡಿದರಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವರು ಸಂಜೆಯ ಬಸ್ಸಿಗೆ ಮರಳಿದರು. ಮರುದಿನ ರಾಟೆಯ ಮುಂದೆ ಕೂತ ತಾರವ್ವನಿಗೆ ಅದನ್ನು ಹೇಳಲು ಮುಜುಗರವಾಗಿ ಡಾಕ್ಟರು ಗಡಿಯಾರ ಹಿಡಿದು ಎಣಿಸತೊಡಗಿದರು.

ವಾರದೊಳಗೆ ಬನಹಟ್ಟಿಯ ಗೋಡೆಗಳ ಮೇಲೆ ಕರಪತ್ರ ಬಂತು: 'ಮುಂಬಯಿ ಪಾಸಾದ ಡಾಕ್ಟರರಿಂದ ಮೆದುಳು ತಪಾಸಣೆಗೆ ಒಪ್ಪಿದ ಏಕೈಕ ಉಮೇದುವಾರ.' ಅವರ ಎದುರು ನಿಂತಿದ್ದ ಶಂಕರೆಪ್ಪ ಅದನ್ನು ಓದಿದ ದಿನವೇ ಟಾಂಗಾ ಮಾಡಿಕೊಂಡು ಜಮಖಂಡಿಗೆ ಬಂದು ಎರಡನೇ ನಂಬರು ಹಿಡಿದ. ಯಾದಿಯಲ್ಲಿ ಹೆಸರಿಲ್ಲದವರ ಮೆದುಳಿನಲ್ಲಿ ಏನೋ ಐಬಿದೆ ಎಂಬ ಮಾತು ಹುಟ್ಟಿತು. ಬೀಳಗಿಯಿಂದ ಇಬ್ಬರು ಜಮೀನುದಾರರು ಬಂದರು. ಒಬ್ಬರು ಬಂದಿದ್ದಾರೆಂದು ತಿಳಿದೇ ಇನ್ನೊಬ್ಬರು ಬಂದಿದ್ದರು. ಗಂಡು ನೋಡಲು ಹೋದ ಕಡೆ 'ಹುಡುಗ ಯಾದ್ಯಾಗ ಅದಾನೇನು?' ಎಂದು ಕೇಳಿದರಂತೆ. ದತ್ತೋಪಂತರ ಬಾಗಿಲಲ್ಲಿ ಮೊದಲ ಬಾರಿಗೆ ಸಾಲು ನಿಂತಿತು. ಹಿಂದಿನ ಬಾಗಿಲಿನಿಂದ ಹೋಗುತ್ತೇನೆ ಎನ್ನುವವರು ಯಾರೂ ಇರಲಿಲ್ಲ. ಎಲ್ಲರೂ ಮುಂದಿನ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಂತು, ಹೋಗಿಬರುವವರನ್ನು ಮಾತಾಡಿಸಿಯೇ ಇಳಿಯುತ್ತಿದ್ದರು.

ಮುಧೋಳದಿಂದ, ಹಿಂದೆ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಪಾಂಡುರಂಗರಾಯರು ತಮ್ಮ ಬೇಟೆನಾಯಿಯನ್ನೂ ಕರೆತಂದರು. ಎದೆ ಹೊಟ್ಟೆ ಬಿಗಿದ, ಉದ್ದ ಮೋರೆಯ, ಹರಿಣದಂಥ ನಾಯಿ.

"ಮೊದಲ ಇದರದು ತಗೋರಿ," ಎಂದರು ರಾಯರು. "ಎರಡು ಫರ್ಲಾಂಗಿನ ಮ್ಯಾಲಿನ ಮೊಲ ಕಾಣ್ತದ ಇದಕ್ಕ. ಇದಕ್ಕಿಂತಾ ನಿರೋಗಿ ಮೆದುಳು ನಿಮಗ ಈ ಮುಂಬಯಿ ಸರಕಾರದಾಗ ಸಿಗೂದಿಲ್ಲ."

"'ಆತು' ಅಂತ ಬಾಯಿಲೆ ಹೇಳಬೇಕಾಗ್ತದ ರಾಯರ," ಎಂದು ಡಾಕ್ಟರು ಕೈ ಮುಗಿದರು.

ರಾಯರು ತಾವೇ ಕೂತರು. ಪರದೆಯ ಹಿಂದೆ ತಾರವ್ವ ರಾಟೆ ತಿರುಗಿಸಿದಳು. ಪರೀಕ್ಷೆಗೆ ಬಂದ ಯಾರಿಗೂ ಹಿಂದೆ ಯಾರಿದ್ದಾರೆಂದು ಗೊತ್ತಿರಲಿಲ್ಲ. ಯಂತ್ರವೆಂದರೆ ತಾನೇ ತಿರುಗುವುದೆಂದು ತಿಳಿದಿದ್ದರು. ಬೆಳಕು ಮಿಣುಕಿತು, ಮಿಣುಕಿತು, ಒಂದೇ ಸಮ ಆಯಿತು. ರಾಯರು ಬಾಯಿ ತೆರೆಯಲಿಲ್ಲ. ರಾಟೆ ಇನ್ನೂ ಜೋರಾಯಿತು. ರಾಯರು ಮೀಸೆ ತಿರುವುತ್ತ ಕೂತರು.

"ಇನ್ನೂ ಮಿಣುಕ್ತದೇನ್ರಿ?"

"ಬನಹಟ್ಟಿ ಸಾವಕಾರಂದು ಎಷ್ಟಕ್ಕ ನಿಂತು?"

"ಅದನ್ನ ಹೇಳಲಿಕ್ಕೆ ಬರೂದಿಲ್ಲರಿ."

"ಹಂಗಾದ್ರ ನಂದು ಇನ್ನೂ ಮಿಣುಕ್ತದ."

ಎಲ್ಲರ ಪಾಡೂ ಇದೇ. ದೊಡ್ಡ ಲೆಕ್ಕವೇ ಒಳ್ಳೆಯ ಮೆದುಳು ಎಂದು ಯಾರೋ ಹಬ್ಬಿಸಿದ್ದರು. ಶಂಕರೆಪ್ಪ ರಾಟೆಯ ದಾರ ಕಡಿಯುವವರೆಗೂ 'ಆತು' ಎನ್ನಲಿಲ್ಲ. ಬೀಳಗಿಯವರಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡೇ ಮಿಣುಕುತ್ತಿದೆ ಎಂದರು. ಇದಾದ ಮೇಲೆ ಎಲ್ಲರಿಗೂ ಹತ್ತು ಪ್ರಶ್ನೆ. ಏಳನೆಯದು: 'ಗೋಡೆಯ ಮೇಲೆ, ಆಕಾಶದ ಮೇಲೆ ಸಣ್ಣ ಚುಕ್ಕಿಗಳು ಸದಾ ಜಿನಿಜಿನಿ ಎನ್ನುವಂತೆ ಕಾಣುತ್ತವೆಯೇ?' ಪ್ರಶ್ನೆ ಮುಗಿಯುವ ಮೊದಲೇ ಎಲ್ಲರೂ ಅರಿವಿಲ್ಲದೆ ತಲೆಯ ಹಿಂಭಾಗಕ್ಕೆ ಹೋದ ಕೈ ತೆಗೆದು "ಇಲ್ಲ, ಇಲ್ಲ" ಎನ್ನುತ್ತಿದ್ದರು. ಗಿರಿಮಲ್ಲಪ್ಪನವರು ಮಾತ್ರ ಒಂದು ಕ್ಷಣ ಪರದೆಯ ತೂತಿನ ಕಡೆ ನೋಡಿದರು. ಆಮೇಲೆ ಅವರೂ "ಇಲ್ಲ" ಎಂದರು.

ಎರಡು ದಿನ ಬಿಟ್ಟು, ಊಟದ ಹೊತ್ತಿನಲ್ಲಿ, ಪೇಟೆ ಭಣಭಣ ಎನ್ನುತ್ತಿರುವಾಗ ಅವರು ಮತ್ತೆ ಬಂದರು. ಕಾಮಣ್ಣ ಊಟಕ್ಕೆ ಹೋಗಿದ್ದ. ಡಾಕ್ಟರು ಕತ್ತಲೆ ಕೋಣೆಯಲ್ಲಿ ಸುಳ್ಳು ಲೆಕ್ಕಗಳನ್ನು ನೋಡುತ್ತ ಕೂತಿದ್ದರು. ಪರದೆಯ ಹಿಂದೆ ತಾರವ್ವ ಕಡಿದ ದಾರ ಕಟ್ಟುತ್ತಿದ್ದಳು. ಗಿರಿಮಲ್ಲಪ್ಪನವರು ಒಳಗೆ ಬಂದು ಬಾಗಿಲು ಮುಚ್ಚಿದರು.

"ಸಾವಕಾರ್ರ, ಒಂದ ನಿಮಿಷ, ಇಲ್ಲಿ..." ಎಂದರು ಡಾಕ್ಟರು.

"ತಡೀರಿ. ಮೊದಲ ನಂದು ಕೇಳ್ರಿ. ಇಲ್ಲಾಂದ್ರ ಹೇಳಾಕ ಆಗೂದಿಲ್ಲ." ಪಟಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಆ ಏಳನೇ ಪ್ರಶ್ನಿ. ಅದು ಎಲ್ಲಾರಿಗೂ ಕಾಣೂದಿಲ್ಲೇನ್ರಿ?"

"ಇಲ್ಲ."

"ಖರೆ?"

"ಖರೆ."

ಗಿರಿಮಲ್ಲಪ್ಪನವರು ಉಸಿರು ಬಿಟ್ಟರು. "ನಾ ಅದನ್ನ ಗಾಳಿ ಅಂತ ತಿಳದಿದ್ದೆ, ಡಾಕ್ಟರ. ಸಣ್ಣಾಂವ ಇದ್ದಾಗಿಂದ ಕಾಣ್ತೈತಿ. ಗಾಳಿ ಅಂದರ ಹಿಂಗ ಇರತೈತಿ, ಎಲ್ಲಾರೂ ನೋಡ್ತಾರ, ಅದರಾಗ ಹೇಳೂದೇನೈತಿ ಅಂತ ತಿಳದಿದ್ದೆ. ಐವತ್ತೈದು ವರ್ಷ!"

"ಹೊತ್ತ ಮುಳಗೂ ಮುಂದ ಜಾಸ್ತಿ ಆಗ್ತೈತಲ್ರಿ?" ಎಂದಿತು ಒಂದು ದನಿ.

"ಹೌದು! ದೀಪ ಹಚ್ಚೂಕ್ಕಿಂತ ಮೊದಲ ಭಾಳ."

"ಕಣ್ಣ ಮುಚ್ಚಿದರೂ ಬೀಳ್ತೈತ್ರಿ?"

"ಬೀಳ್ತೈತಿ, ಬೀಳ್ತೈತಿ!"

"ಕೆಂಪು ಅಂಚು ನೋಡಿ ಗ್ವಾಡಿ ನೋಡಿದರ..."

"ಗ್ವಾಡಿ ಮ್ಯಾಲ ಅಂಚು ಬಂದು ಕುಂದರ್ತೈತಿ!" ಗಿರಿಮಲ್ಲಪ್ಪನವರ ದನಿ ಹುಡುಗನಂತಾಗಿತ್ತು. "ಒಂದು ಸೀರಿ ನೋಡಿದ ಮ್ಯಾಲ ಅದು ಹೋಗೂತನ ಕಾಯಬೇಕು. ಇಲ್ಲಾಂದ್ರ ಎರಡನೇ ಸೀರಿ ಮ್ಯಾಲ ಮೊದಲನೇದರ ಅಂಚು ಕಾಣ್ತೈತಿ. ಮಂದಿ, ಸಾವಕಾರ ಭಾಳ ಕಡಕ ಪರೀಕ್ಷಾ ಮಾಡ್ತಾನ ಅಂತಾರ. ನಾ ಅಂಚು ಹೋಗೂದನ್ನ ಕಾಯ್ಕೊಂತ ಕುಂತಿರ್ತೇನಿ, ಅಷ್ಟ..."

ಅಲ್ಲಿಗೆ ಮಾತು ನಿಂತಿತು. ಅವರು ಡಾಕ್ಟರ ಮುಖ ನೋಡಿದರು. ಡಾಕ್ಟರ ಬಾಯಿ ಮುಚ್ಚಿತ್ತು. ಪರದೆ ಸರಿಯಿತು. ತಾರವ್ವ ಕೈಯಲ್ಲಿ ದಾರದ ತುದಿ ಹಿಡಿದುಕೊಂಡೇ ಹೊರಗೆ ಬಂದಳು.

"ನೀ... ಅಮಸಿದ್ದಪ್ಪನ..."

"ಹೌದ್ರಿ. ಮೆದುಳು ಕೆಟ್ಟಾಕಿ."

ಗಿರಿಮಲ್ಲಪ್ಪನವರು ಪಟಕ ಹಾಕಿಕೊಳ್ಳಲು ಹೋದರು, ಅವಸರದಲ್ಲಿ ಅದು ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಚುನಾವಣೆಗೆ ಹದಿನೆಂಟು ದಿನ ಇದ್ದವು. ದತ್ತೋಪಂತರು ಪಟಕ ಎತ್ತಿ ಕೊಡಲು ಬಗ್ಗಿದವರು ಬಗ್ಗಿದಂತೆಯೇ ಯೋಚಿಸಿದರು. ಎರಡನೇ ರೋಗಿ! ಗುರುಗಳು ಕೇಳಿದ ಎರಡನೇ ರೋಗಿ! ಮರುಕ್ಷಣ ಆ ಸಂತೋಷಕ್ಕೆ ನಾಚಿಕೆಯಾಯಿತು. ತಾರವ್ವನ ಒಂದು ಮಾತಿನಿಂದ ಈ ಮನುಷ್ಯ ಊರಲ್ಲಿ ತಲೆ ಎತ್ತದಂತಾಗುತ್ತಾನೆ. ಅವಳ ಮಗ್ಗ ಹೇಗೆ ನಿಂತಿತೋ ಇವನ ವ್ಯಾಪಾರವೂ ಹಾಗೆಯೇ ನಿಲ್ಲುತ್ತದೆ. ಅವಳು ಆಡಿದರೆ ತಪ್ಪೆನ್ನುವವರು ಯಾರು?

ತಾರವ್ವ ಸಾವಕಾರರನ್ನೇ ನೋಡುತ್ತಿದ್ದಳು.

"ನಿಮ್ಮ ಕಣ್ಣ ಹೋಗಿಲ್ಲಲ್ರಿ?"

"ಇಲ್ಲ."

"ಐವತ್ತೈದು ವರ್ಷಾದರೂ?"

"ಸೂಜಿ ಪೋಣಸ್ತೇನಿ," ಎಂದರು ಗಿರಿಮಲ್ಲಪ್ಪನವರು ಸಣ್ಣ ದನಿಯಲ್ಲಿ.

ತಾರವ್ವ ಗೋಡೆಗೆ ಒರಗಿ ಕೆಳಗೆ ಕುಳಿತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ಇವೆಯೋ ಇಲ್ಲವೋ ಎಂದು ಮೊದಲು ತನ್ನ ಕೈ ನೋಡಿಕೊಳ್ಳುತ್ತಿದ್ದಳಂತೆ. ಕಣ್ಣು ಹೋಗುವುದಿಲ್ಲ ಎಂದು ತಾನು ಮೊದಲ ದಿನವೇ ಹೇಳಿದ್ದೆನಲ್ಲ ಎಂದು ಡಾಕ್ಟರು ಅಂದರು. "ನೀವು ಹೇಳಿದ್ರಿ," ಎಂದಳು ಅವಳು ಕಣ್ಣೊರೆಸಿಕೊಂಡು. "ನಿಮಗ ಕಾಣೂದಿಲ್ಲಲ್ರಿ ಅದು."

ಎಂಟು ವರ್ಷದ ವೈದ್ಯವಿದ್ಯೆಗೆ ಇದು ಪೆಟ್ಟಾದರೂ ದತ್ತೋಪಂತರು ನುಂಗಿಕೊಂಡರು.

ಗಿರಿಮಲ್ಲಪ್ಪನವರು ಮುಂದಿನ ಬಾಗಿಲಿನಿಂದ ಹೋಗದೆ ಹಿತ್ತಲಿನಿಂದ ಹೋದರು. ತಾರವ್ವ ಯಾರಿಗೂ ಏನೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಸೋಮವಾರ ಅವಳ ಮನೆಗೆ ರೇಶ್ಮೆ ನೂಲು ಬಂತು, ಮೊದಲು ಬರುತ್ತಿದ್ದುದಕ್ಕಿಂತ ಸಣ್ಣ ಎಳೆಯದು. ಊರಲ್ಲಿ ಸಾವಕಾರರು, ತಾರವ್ವನ ಮೆದುಳನ್ನು ಖುದ್ದಾಗಿ ಡಾಕ್ಟರರ ಹತ್ತಿರ ವಿಚಾರಿಸಿ ಖಾತ್ರಿ ಮಾಡಿಕೊಂಡು ಬಂದೆ ಎಂದು ಹೇಳಿಕೊಂಡರು. ಅಷ್ಟು ದೊಡ್ಡವರು ಬಡ ನೇಕಾರ ಹೆಂಗಸಿನ ಸಲುವಾಗಿ ಬಿಸಿಲಲ್ಲಿ ಜಮಖಂಡಿಗೆ ಹೋಗಿ ಬಂದದ್ದನ್ನು ಮಂದಿ ಮೆಚ್ಚಿದರು. ಚುನಾವಣೆಯಲ್ಲಿ ಅವರೇ ಗೆದ್ದರು.

ದತ್ತೋಪಂತರು ಲೇಖನ ಬರೆಯಲು ಕುಳಿತರು. ಒಂದನೇ ನಂಬರನ್ನು ನಿರೋಗಿಗಳ ಯಾದಿಯಿಂದ ಹೊಡೆದು ರೋಗಿಗಳ ಕಡೆ ಬರೆದರು, ಹೆಸರಿಲ್ಲದೆ: 'ಗೃಹಸ್ಥ, ವಯಸ್ಸು ೫೫, ಬಾಲ್ಯದಿಂದ.' ಉಳಿದವರು ಹನ್ನೊಂದು ಜನ.

"ಹನ್ನೆರಡನೇದಕ್ಕ ರಾಯರ ನಾಯಿ ಐತಲ್ರಿ," ಎಂದ ಕಾಮಣ್ಣ. "ಸುಳ್ಳು ಹೇಳದಿದ್ದದ್ದು ಅದೊಂದ."

ಡಾಕ್ಟರು ಯಾದಿಯ ಲೆಕ್ಕಗಳನ್ನು ಮತ್ತೊಮ್ಮೆ ನೋಡಿ, ಬದುಕಿನಲ್ಲಿ ಮೊದಲ ಬಾರಿ ಹೆಸರಿನ ಆಸೆ ಬಿಟ್ಟು ಒಂದು ವಾಕ್ಯ ಬರೆದರು: ನಿರೋಗಿಗಳು ಕೊಟ್ಟ ಉತ್ತರಗಳು ನಂಬಲು ಯೋಗ್ಯವಾಗಿಲ್ಲ, ರೋಗಿಗಳಿಬ್ಬರ ಉತ್ತರಗಳು ಒಂದಕ್ಕೊಂದು ಹೊಂದುತ್ತವೆ, ಇದು ಮೆದುಳಿನ ಹಿಂಭಾಗದ್ದೆಂದು ಅನ್ನಿಸುತ್ತದೆ, ಸಾಧಿಸಿ ತೋರಿಸಲು ನನ್ನಿಂದಾಗಿಲ್ಲ. ಲೇಖನವನ್ನು ಪತ್ರಿಕೆಗೆ ಕಳಿಸದೆ, ತಮ್ಮ ಅರ್ಜಿಯ ಜೊತೆಗಿರಲೆಂದು ಮಂಡಳಿಗೆ ಕಳಿಸಿದರು.

ಉತ್ತರ ಬರಲು ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಮೈಸೂರು ರಾಜ್ಯಕ್ಕೆ ಬಂದಿದ್ದವು. ಮಂಡಳಿಯ ಪತ್ರದಲ್ಲಿ ಎರಡೇ ಸಾಲು: 'ಸದರಿ ಮೆದುಳುಗಳು ಈಗ ಮುಂಬಯಿ ರಾಜ್ಯದ ಸರಹದ್ದಿನಲ್ಲಿ ಇರುವುದಿಲ್ಲ. ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.'

ದತ್ತೋಪಂತರು ಆ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ರಬಕವಿಯ ಬಸ್ಸು ಹತ್ತಿದರು. ಇಷ್ಟು ದಿನ ರಾಟೆ ತಿರುಗಿಸಿದವಳಿಗೆ ಏನಾಯಿತೆಂದು ಹೇಳಬೇಕಿತ್ತು. ತಾರವ್ವನ ಮನೆಯಲ್ಲಿ ಮಗ್ಗ ಖಟಖಟ ಎನ್ನುತ್ತಿತ್ತು. ಅವಳು ಪತ್ರ ಓದಿಸಿಕೊಂಡು ಕೇಳಿ, "ಹಂಗ ಅಂದ್ರ ಮೈಸೂರಿಗೆ ಕೊಟ್ಟರೇನ್ರಿ ನನ್ನ ತಲಿ?" ಎಂದು ನಕ್ಕಳು. ಆಮೇಲೆ ಹೊರಗೆ ಹೋಗಿ ಓಣಿಯ ಮೂವರು ಹೆಂಗಸರನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದಳು.

"ಇವರಿಗೂ ಕಾಣ್ತೈತ್ರಿ."

"ಹೆಂಗ ಗೊತ್ತಾತು ನಿನಗ? ನಾ ಇಷ್ಟು ಮಂದಿನ್ನ ಕೇಳಿದರೂ ಒಬ್ಬರೂ ಹೂಂ ಅನ್ನಲಿಲ್ಲ."

"ನೀವು, ರೋಗ ಐತೇನು ಅಂತ ಕೇಳ್ತೀರಿ. ನಾ ಕಂಡಿಕಿ ಸುತ್ತೂ ಮುಂದ, ಯವ್ವಾ ಬಿಳಿ ಗ್ವಾಡಿ ನೋಡಿದರ ನಿನಗ ಹೆಂಗ ಕಾಣ್ತೈತಿ ಅಂತ ಮಾತಿನ್ಯಾಗ ಮಾತು ಕೇಳಿದೆ."

ಮೂವರಲ್ಲಿ ಹಿರಿಯಳಾದ ಯಲ್ಲಕ್ಕ ತನಗೆ ಕಾಣುವುದು ಹಿಟ್ಟಲ್ಲ, ಸಾಸಿವೆ ಎಂದಳು. ಇನ್ನೊಬ್ಬಳು, ಸಾಸಿವೆಯೂ ಅಲ್ಲ, ನೀರು ಕುದಿಯುವ ಹಾಗೆ ಎಂದಳು. ಮೂರನೆಯವಳು ಇಬ್ಬರದೂ ಸುಳ್ಳೆಂದು ತಕರಾರು ತೆಗೆದಳು. ದತ್ತೋಪಂತರು ಅವಸರದಿಂದ ಜೇಬು ತಡಕಿದರು. ಬೇರೆ ಕಾಗದ ಇರಲಿಲ್ಲ. ಮಂಡಳಿಯ ಪತ್ರದ ಬೆನ್ನು ಖಾಲಿ ಇತ್ತು. ಅದನ್ನು ತೊಡೆಯ ಮೇಲೆ ಹರಡಿ ಪೆನ್ನು ತೆಗೆದು, "ಯಲ್ಲಕ್ಕ, ಯಾವಾಗಿಂದ?" ಎಂದರು.

"ಮೊದಲ ಚಹಾ ಕುಡೀರಿ," ಎಂದಳು ಯಲ್ಲಕ್ಕ. "ಅದೇನು ಓಡಿ ಹೋಗೂದಿಲ್ಲ."